ಗಣಕದ ಹೊಲಕ್ಕೂ ನೋಂದಣಿ ಬೇಕು

ಚಿಂತಾಕಿಯಲ್ಲಿ ಹೊಲ ಕೊಳ್ಳುವವರು ಮೊದಲು ನೋಡುವುದು ನೋಂದಣಿಯ ಕಾಗದ. ಗಣಕದ ಮೆಮೊರಿಗೂ ಇಂಥದೇ ನೋಂದಣಿ ಉಂಟು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ‘ಪರಮ್ ಪ್ರವೇಗ’ ಸೂಪರ್ ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಅದರೊಳಗೆ ನೂರಾರು ಗಣಕಗಳು ಜೊತೆಗೂಡಿ ದುಡಿಯುತ್ತವೆ. ಇಂಥ ಯಂತ್ರಗಳಲ್ಲಿ ನೆಟ್‌ವರ್ಕ್ ಕಾರ್ಡು ಪ್ರೊಸೆಸರಿಗೆ ಕಾಯದೆ ನೇರವಾಗಿ ಮೆಮೊರಿಯಲ್ಲಿ ಬರೆಯಬಲ್ಲದು. ಅದಕ್ಕೇ ನೋಂದಣಿ. ಗಣಕದ ಒಳಾಡಳಿತ ನೋಡುವ ಕರ್ನೆಲ್‌ನಲ್ಲಿರುವ ಡ್ರೈವರ್, ಮೆಮೊರಿಯ ಇಂತಿಂಥ ಪುಟಗಳು ನಿನ್ನವು ಎಂದು ಕಾರ್ಡಿಗೆ ತಿಳಿಸಿ, ಅವು ಅನ್ಯರ ಪಾಲಾಗದಂತೆ ಕಾಯ್ದಿರಿಸುತ್ತದೆ. ಒಂದು ಪುಟ ಸಾಮಾನ್ಯವಾಗಿ 4096 ಬೈಟ್.

ಕಾರ್ಡು ಬರೆಯುತ್ತಿರುವಾಗಲೇ ಪುಟ ಬಿಟ್ಟುಕೊಟ್ಟರೆ? ಬೇರೆಯವರು ತೊಗರಿ ಬಿತ್ತಿದ ಹೊಲದಲ್ಲಿ ಹಳೆಯ ಗೇಣಿದಾರ ನೇಗಿಲು ಹೂಡಿದಂತೆ! ಸ್ವಲ್ಪ ಹೊತ್ತಿನ ಮೇಲೆ, ಯಾವ ತಪ್ಪೂ ಮಾಡದ ಮತ್ತೊಂದು ಪ್ರೋಗ್ರಾಂ ಕುಸಿಯುತ್ತದೆ. ದಿನಗಟ್ಟಲೆ ನಡೆದ ಲೆಕ್ಕ ನೀರುಪಾಲು. ಎಡವಿದ್ದು ಒಂದೆಡೆ, ಬಿದ್ದದ್ದು ಇನ್ನೊಂದೆಡೆ.

ಆದ್ದರಿಂದ ಪರಿಣತರು ಬಿದ್ದಲ್ಲಿಂದ ಹಿಂದಕ್ಕೆ ನಡೆಯುತ್ತಾರೆ. ನೋಂದಣಿ ವಿಫಲವಾದ ಸೂಚನೆಯನ್ನು ಡ್ರೈವರ್ ಗಮನಿಸಿತೇ? ಕಾರ್ಡಿನ ಕೆಲಸ ಮುಗಿದ ಮೇಲೆಯೇ ನೋಂದಣಿ ರದ್ದಾಯಿತೇ? ಐಒಎಂಎಂಯು ಎಂಬ ಕಾವಲು ಘಟಕ ಚಾಲನೆಯಲ್ಲಿದ್ದು, ರದ್ದಾದ ಪುಟದ ದಾರಿಯನ್ನು ಅದು ಮುಚ್ಚಿದ್ದರೆ, ಕಾರ್ಡಿನ ಅತಿಕ್ರಮಣವನ್ನು ಅಲ್ಲೇ ತಡೆಯುತ್ತದೆ. ಆ ವಿಳಾಸ ಕರ್ನೆಲ್ ದಾಖಲೆಗೆ ಸೇರುತ್ತದೆ.

ಪಾಲಕರೇ, ಮಗುವಿನ ಲೆಕ್ಕ ತಪ್ಪಿದಾಗ ಸರಿಯುತ್ತರ ಹೇಳಿ ಮುಗಿಸಬೇಡಿ. ಯಾವ ಹೆಜ್ಜೆಯಲ್ಲಿ ತಪ್ಪಿತೆಂದು ಹಿಂದಿರುಗಿ ಹುಡುಕಲು ಬಿಡಿ. ಈ ಕಸುಬಿಗೆ ಬೇಕಾದ ಮೊದಲ ಗುಣ ಅದೇ. ಅದನ್ನು ಕಲಿಯಲು ಗಣಕವೇ ಬೇಕೆಂದಿಲ್ಲ.