ಪೆಟ್ಟಿನ ಪರ ಇರುವವರು ಪುರಾವೆ ಕೊಡಲಿ

ಮಕ್ಕಳಿಗೆ ಹೊಡೆಯಬೇಡಿ ಎಂದ ಕೂಡಲೇ ಸಿಗುವ ಉತ್ತರ ಒಂದೇ: 'ನಾವೂ ಪೆಟ್ಟು ತಿಂದೇ ಬೆಳೆದವರು, ನಮಗೇನಾಗಿದೆ?' ಅದು ನಮ್ಮನ್ನು ನಾವೇ ಕೇಳಿಕೊಂಡು ತಿಳಿಯುವ ಸಂಗತಿಯಲ್ಲ. ಪೆಟ್ಟು ತಿಂದ, ತಿನ್ನದ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಬೇಕು. ಆ ಕೆಲಸ ಆಗಿದೆ.

ಅಮೆರಿಕದ ಸಂಶೋಧಕರಾದ ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ ಐದು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. 1.6 ಲಕ್ಷ ಮಕ್ಕಳ ಲೆಕ್ಕ ಅದು. ಬಾಸುಂಡೆ ಬರುವ ಹೊಡೆತ ಅದರಲ್ಲಿಲ್ಲ. ಕುಂಡೆಗೋ ಕೈಕಾಲಿಗೋ ಬರಿಗೈಯಲ್ಲಿ ಕೊಡುವ ಪೆಟ್ಟನ್ನಷ್ಟೇ ನೋಡಿದ್ದು. ಪೆಟ್ಟು ಹೆಚ್ಚು ತಿಂದ ಮಕ್ಕಳಲ್ಲಿ ಹೊಡೆದಾಟದ ಸ್ವಭಾವ, ಮಾನಸಿಕ ತೊಂದರೆ, ಹೆತ್ತವರೊಂದಿಗಿನ ವೈಮನಸ್ಸು ಎಲ್ಲವೂ ಹೆಚ್ಚಿದ್ದವು.

ಇದಕ್ಕೆ ಗಟ್ಟಿ ಆಕ್ಷೇಪವೂ ಇದೆ. ಹಟಮಾರಿ ಮಕ್ಕಳಿಗೇ ಹೆಚ್ಚು ಪೆಟ್ಟು ಬೀಳುತ್ತದೆ, ಹಾಗಿರುವಾಗ ಹಟಕ್ಕೆ ಪೆಟ್ಟೇ ಕಾರಣ ಎನ್ನುವುದು ಹೇಗೆ ಎಂದು ಓಕ್ಲಹೋಮದ ಸಂಶೋಧಕ ರಾಬರ್ಟ್ ಲಾರ್ಜಲಿಯರ್ ವರ್ಷಗಳಿಂದ ಕೇಳುತ್ತಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ತುಲೇನ್ ವಿಶ್ವವಿದ್ಯಾಲಯದ ತಂಡ 2010ರಲ್ಲಿ ಉತ್ತರ ಹುಡುಕಿತು. 3ನೇ ವಯಸ್ಸಿನಲ್ಲಿ ಮಗು ಎಷ್ಟು ರಂಪಾಟ ಮಾಡುತ್ತಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿದ ಮೇಲೂ, ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು ಪೆಟ್ಟು ತಿಂದವರು 5ನೇ ವಯಸ್ಸಿಗೆ ಇನ್ನಷ್ಟು ಜಗಳಗಂಟರಾಗಿದ್ದರು. ಮಕ್ಕಳನ್ನು ಹೀಗೆ ಕಾಲಕ್ರಮದಲ್ಲಿ ಹಿಂಬಾಲಿಸಿದ 69 ಅಧ್ಯಯನಗಳನ್ನು 2021ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ವಿಮರ್ಶೆಯೊಂದು ಜಾಲಾಡಿತು. ಪೆಟ್ಟಿನಿಂದ ನಡತೆ ಸುಧಾರಿಸುತ್ತದೆ ಎನ್ನಲು ಅದಕ್ಕೆ ಆಧಾರ ಸಿಗಲಿಲ್ಲ.

ಪರಿಣಾಮದ ಪ್ರಮಾಣ ದೊಡ್ಡದಲ್ಲ ಎನ್ನುತ್ತಾರೆ. ಒಪ್ಪೋಣ. ಏಟು ತಿಂದ ಪ್ರತಿ ಮಗುವೂ ಹಾಳಾಗುತ್ತದೆ ಎಂದು ಯಾರೂ ಹೇಳಿಲ್ಲ. ಆದರೆ ತಜ್ಞರ ಜಗಳ ಹೆಚ್ಚಾಗಿ ನಡೆದಿರುವುದು ಹಾನಿ ಎಷ್ಟು, ಅದಕ್ಕೆ ಕಾರಣ ಯಾವುದು ಎಂಬುದರ ಮೇಲೆ. ಹತ್ತು ವರ್ಷದ ನಂತರ ಒಳಿತಾಯಿತು ಎಂದು ತೋರಿಸಿದವರು ಯಾರು? ಮಗುವಿನ ಮೇಲೆ ಕೈ ಎತ್ತುವವರೇ ಅದನ್ನು ತೋರಿಸಬೇಕು. ಏಟು ತಿನ್ನುವ ಮಗುವಿನ ಪರ ನಿಂತವರು ಪುರಾವೆ ಹೊತ್ತು ಅಲೆಯಬೇಕಾಗಿರುವುದು ಅನ್ಯಾಯ.

ನಮ್ಮಲ್ಲಿ ಪುರಾವೆಯ ಮಾತೇ ಇಲ್ಲ, 'ದಂಡಂ ದಶಗುಣಂ' ಎಂದರೆ ಮುಗಿಯಿತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2007ರ ವರದಿಯ ಪ್ರಕಾರ, ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಕಂಡವರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ಆದರೂ 'ಎರಡು ಬಾರಿಸಿ ಮೇಷ್ಟ್ರೇ, ನಾವೇನೂ ಕೇಳೋದಿಲ್ಲ' ಎಂದು ಮಗುವಿನ ಎದುರಿಗೇ ಅಪ್ಪಂದಿರು ಹೇಳಿಬರುತ್ತಾರೆ. ಕಾನೂನು ಕೊಟ್ಟ ರಕ್ಷಣೆಯನ್ನು ಹೆತ್ತವರೇ ಕಿತ್ತುಕೊಳ್ಳುವುದು ಎಂಥ ಕ್ರೌರ್ಯ! ಮನೆಯೊಳಗಿನ ಏಟಿಗಂತೂ ಅಂಥ ಸ್ಪಷ್ಟ ನಿಷೇಧವೂ ಇಲ್ಲ.

ನಿಷೇಧ ಎಂದರೆ ಅಪ್ಪ-ಅಮ್ಮನನ್ನು ಜೈಲಿಗೆ ಹಾಕುವುದು ಎಂಬ ಹೆದರಿಕೆ ಹಬ್ಬಿಸುವವರು ಸ್ವೀಡನ್ ಕಡೆ ನೋಡಲಿ. 1979ರಲ್ಲಿ ಜಗತ್ತಿನಲ್ಲೇ ಮೊದಲು ಮನೆಯ ಪೆಟ್ಟನ್ನೂ ನಿಷೇಧಿಸಿದ ದೇಶ ಅದು. ಆ ನಿಯಮಕ್ಕೆ ಪ್ರತ್ಯೇಕ ಶಿಕ್ಷೆ ಇಡಲಿಲ್ಲ. ಹಾಲಿನ ಪೊಟ್ಟಣಗಳ ಮೇಲೆ ವಿಷಯ ಅಚ್ಚು ಹಾಕಿಸಿ ಮನೆಮನೆಗೆ ತಲುಪಿಸಿದರು.

ನಮ್ಮಲ್ಲೂ ನಂದಿನಿ ಹಾಲಿದೆ, ಗರ್ಭಿಣಿಯರ ಕೈಗೆ ಕೊಡುವ ತಾಯಿ ಕಾರ್ಡ್ ಇದೆ. ಮಗುವಿಗೆ ಹೊಡೆಯಬೇಡಿ ಎಂಬ ಒಂದು ಸಾಲನ್ನು ರಾಜ್ಯ ಸರ್ಕಾರ ಅವುಗಳ ಮೇಲೆ ಅಚ್ಚು ಹಾಕಿಸಲಿ.