ಶುದ್ಧೀಕರಿಸಿದ ನೀರಂತೆ! ಯಾರಿಗೆ ಶುದ್ಧ?

"ಶುದ್ಧೀಕರಿಸಿದ ನೀರು" ಅನ್ನೋ ಮಾತು ಪೇಪರ್‌ನಲ್ಲಿ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತೆ. ನೀರು ತಿಳಿಯಾಗಿದೆ, ನಾತ ಇಲ್ಲ, ಬಿಒಡಿ ಕಡಿಮೆ ಬಂದಿದೆ, ಸರಿ, ಹೊಳೆಗೆ ಬಿಡಿ... ಅದರಲ್ಲಿದ್ದ ಅಮೋನಿಯಾ ಏನಾಯ್ತು ಸ್ವಾಮಿ?

ನಾನು ಕೊಳ್ಳೇಗಾಲದವನು. ಇದನ್ನು ಓದ್ತಿರೋ ಬ್ಲಾಗಿಗರಲ್ಲಿ ಬಹಳಷ್ಟು ಜನ ಬೆಂಗಳೂರಲ್ಲಿದ್ದೀರಿ. ನೀವು ಕುಡಿಯೋ ಕಾವೇರಿ ನಮ್ಮ ಪಕ್ಕದ ಶಿವನಸಮುದ್ರದ ಹತ್ತಿರ ಹೊಳೆ ಬಿಟ್ಟು, ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು 100 ಕಿ.ಮೀ. ಪೈಪಿನಲ್ಲಿ ನಿಮ್ಮನೆಗೆ ಬರುತ್ತೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾದ ಮೇಲೆ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಕುಡೀರಿ, ತಕರಾರಿಲ್ಲ. ಆದರೆ ಊರಿನ ಪಶ್ಚಿಮ ಭಾಗದ ಕೊಳಚೆ ವೃಷಭಾವತಿ ಹಿಡಿದು ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಮತ್ತೆ ಕಾವೇರಿಗೆ ಬರುತ್ತೆ. ಸಂಗಮದ ಆಚೆ ದಡ ಯಾವುದು ಗೊತ್ತಾ? ನಮ್ಮ ಹನೂರು ತಾಲೂಕು! ನಮ್ಮ ಒಂದು ತುದಿಯಲ್ಲಿ ನೀರು ತಗೊಂಡು ಇನ್ನೊಂದು ತುದಿಯಲ್ಲಿ ಉಚ್ಚೆ ವಾಪಸ್ ಕೊಟ್ಟ ಹಾಗೆ. (ಒರಟಾಯ್ತಾ? ವಿಷಯವೇ ಹಾಗಿದೆ :-))

ಅಮೋನಿಯಾ ಬರೋದು ಮುಖ್ಯವಾಗಿ ಅದರಿಂದಲೇ. ಅದನ್ನು ತೆಗೆಯೋಕೆ ಯಂತ್ರ ಒಂದೇ ಸಾಲದು, ಬ್ಯಾಕ್ಟೀರಿಯಾಗಳ ಒಂದು ಕೂಡುಕುಟುಂಬವೇ ಬೇಕು. ಗಾಳಿ ಊದುವ ತೊಟ್ಟಿಯಲ್ಲಿ ನೈಟ್ರೊಸೊಮೊನಾಸ್‌ನಂಥವು ಅಮೋನಿಯಾವನ್ನು ನೈಟ್ರೈಟ್ ಮಾಡ್ತವೆ, ನೈಟ್ರೊಸ್ಪೈರಾದಂಥವು ಅದನ್ನು ನೈಟ್ರೇಟ್ ಮಾಡ್ತವೆ. (ಎರಡೂ ಕೆಲಸ ಒಂಟಿಯಾಗಿ ಮಾಡೋ ನೈಟ್ರೊಸ್ಪೈರಾ ಕೂಡ ಇದೆ ಅಂತ 2015ರಲ್ಲಿ ಗೊತ್ತಾಯ್ತು. ಅಲ್ಲಿವರೆಗೆ ನೂರು ವರ್ಷಕ್ಕೂ ಮೇಲೆ ಇಬ್ಬರು ಬೇಕೇ ಬೇಕು ಅಂತ ಪಾಠ ಮಾಡಿದ್ದೇ ಮಾಡಿದ್ದು!) ಆಮೇಲೆ ಗಾಳಿಯಿಲ್ಲದ ತೊಟ್ಟಿಯಲ್ಲಿ ಬೇರೆಯವು ಉಸಿರಾಟಕ್ಕೆ ನೈಟ್ರೇಟಿನ ಆಮ್ಲಜನಕವನ್ನೇ ಕಿತ್ಕೊಂಡು ಸಾರಜನಕವನ್ನು ಗಾಳಿಗೆ ಬಿಡ್ತವೆ.

ತೊಂದರೆ ಇರೋದು ಅಮೋನಿಯಾ ತಿನ್ನೋರ ಸ್ವಭಾವದಲ್ಲಿ. ಬಿಒಡಿ ತಿನ್ನೋ ಬ್ಯಾಕ್ಟೀರಿಯಾ ಕೆಲವೇ ಗಂಟೆಯಲ್ಲಿ ದುಪ್ಪಟ್ಟಾದರೆ ಇವಕ್ಕೆ ಒಂದು ದಿನವೋ ಇನ್ನೂ ಹೆಚ್ಚೋ ಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 4.57 ಗ್ರಾಂ ಆಮ್ಲಜನಕ ಬೇಕು. ಕೆಸರನ್ನು ಅವಸರದಲ್ಲಿ ಹೊರಹಾಕಿದರೆ ಇವೂ ಕೊಚ್ಚಿಹೋಗ್ತವೆ, ಬ್ಲೋವರ್ ನಿಲ್ಲಿಸಿದರೆ ಕೆಲಸ ನಿಲ್ಲಿಸ್ತವೆ. ನಮ್ಮ ಕಡೆ ರೇಷ್ಮೆ ಸಾಕೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಳ ಜ್ವರಕ್ಕೆ ಕೂತರೆ ಸೊಪ್ಪು ಹಾಕದೆ, ಮುಟ್ಟದೆ ಕಾಯ್ತಾರೆ. ಟೆಂಡರ್ ಹಿಡಿದವರಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು?

ಬರೋ ಹಾಗೆ ಮಾಡೋದು ಕಾನೂನು. 2015ರ ಕರಡು ನಿಯಮದಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಟ್ಟು ಸಾರಜನಕ ಲೀಟರಿಗೆ 10 ಮಿಲಿಗ್ರಾಂ ದಾಟಬಾರದು ಅಂತ ಬರೆದಿತ್ತು. 2017ರ ಅಕ್ಟೋಬರಿನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಸಾರಜನಕದ ಸಾಲೇ ಮಾಯ! 2019ರ ಏಪ್ರಿಲ್‌ನಲ್ಲಿ ಹಸಿರು ನ್ಯಾಯಮಂಡಳಿ ಮತ್ತೆ ಅದೇ 10 ಬೇಕು ಅಂತ ಆದೇಶ ಮಾಡಬೇಕಾಯ್ತು.

"ತುಂಬಾ ಖರ್ಚು, ನಮ್ಮ ದೇಶಕ್ಕೆ ಆಗಲ್ಲ" ಅನ್ನೋರಿಗೆ ಒಂದು ಮಾತು. ಯುರೋಪಿನಲ್ಲಿ 1991ರಿಂದಲೇ ಸೂಕ್ಷ್ಮ ಜಲಮೂಲಗಳಿಗೆ ಬಿಡುವ ದೊಡ್ಡ ಊರುಗಳಿಗೆ ಇದೇ 10ರ ಮಿತಿ ಇದೆ. ಅವರು ಚಳಿಗಾಲದ ತಣ್ಣನೆ ನೀರಿನಲ್ಲಿ ಒದ್ದಾಡಿ ಮಾಡೋ ಕೆಲಸ ಇದು. ಈ ಬ್ಯಾಕ್ಟೀರಿಯಾಗಳು ಬೆಚ್ಚಗಿದ್ದಷ್ಟು ಚುರುಕು, ಆ ಬಿಸಿಲು ನಮಗೆ ಪುಕ್ಕಟೆ ಸಿಕ್ಕಿದೆ. ಜೊತೆಗೆ, ಅಮೋನಿಯಾವನ್ನು ನೈಟ್ರೇಟ್ ಮಾಡೋಕೆ ಸುರಿದ ಆಮ್ಲಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗದವರೆಗೆ ಗಾಳಿಯಿಲ್ಲದ ತೊಟ್ಟಿಯಲ್ಲಿ ವಾಪಸ್ ಲಾಭ ಆಗುತ್ತೆ. ಹಾಗಾಗಿ ಅಮೋನಿಯಾವನ್ನು ನೈಟ್ರೇಟ್ ಮಾಡಿ ಅಲ್ಲಿಗೇ ಕೈತೊಳೆದುಕೊಳ್ಳೋದು ಲೆಕ್ಕದಲ್ಲೂ ದಡ್ಡತನ.

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿ ಇದ್ದರೆ ಈ ಭಾನುವಾರ ಇಳಿದು ಹೋಗಿ. ಲ್ಯಾಬ್ ರಿಪೋರ್ಟಿನಲ್ಲಿ ಅಮೋನಿಯಾದ ಸಾಲು ಇದೆಯಾ ನೋಡಿ. ಕರೆಂಟ್ ಬಿಲ್ ಉಳಿಸೋಕೆ ರಾತ್ರಿ ಬ್ಲೋವರ್ ಆಫ್ ಮಾಡ್ತಾರಾ ಅಂತ ಅಲ್ಲಿರೋ ಹುಡುಗನನ್ನ ಕೇಳಿ. ಏನು ಹೇಳ್ದ ಅಂತ ಇಲ್ಲಿ ಕಾಮೆಂಟ್ ಹಾಕಿ, ನಾನು ಓದ್ತೀನಿ.