ಆಟದ ನಕಾಶೆಯೂ ಹೊಲದ ಒಡ್ಡೂ

ಪಟ್ಟಣ ಸೇರಿದ ಒಕ್ಕಲು ಮನೆತನದ ತರುಣರು ಕಂಪ್ಯೂಟರಿನಲ್ಲಿ ಬೇಸಾಯದ ಆಟವನ್ನಾಡುವುದನ್ನು ಕಂಡು ಊರ ಹಿರಿಯರು ನಗುವುದುಂಟು. ಸ್ವಿಟ್ಜರ್ಲೆಂಡಿನ ಜೈಂಟ್ಸ್ ಸಾಫ್ಟ್‌ವೇರ್ ಎಂಬ ಕಂಪನಿಯು 2008ರಲ್ಲಿ ಮೊದಲಿಗೆ ಹೊರತಂದ ‘ಫಾರ್ಮಿಂಗ್ ಸಿಮ್ಯುಲೇಟರ್’ ಇಂಥ ಆಟಗಳಲ್ಲಿ ಪ್ರಸಿದ್ಧವಾದುದು. ಉಳುವುದು, ಬಿತ್ತುವುದು, ಕೊಯ್ದು ಮಾರುವುದು ಎಲ್ಲವೂ ಅದರಲ್ಲಿ ತೆರೆಯ ಮೇಲೆಯೇ ನಡೆಯುತ್ತವೆ. ಆಡುವವರು ತಮಗೆ ಬೇಕಾದ ಸೀಮೆಯ ನಕಾಶೆಯನ್ನು ತಾವೇ ರಚಿಸಿಕೊಳ್ಳುವಂತೆ ಕಂಪನಿಯು ಬೆಲೆ ತೆಗೆದುಕೊಳ್ಳದೆ ಒಂದು ಸಾಧನವನ್ನೂ ಒದಗಿಸಿದೆ. ಆಟವನ್ನು ನಕ್ಕು ಬಿಡಬಹುದು. ಈ ನಕಾಶೆಯ ಕೆಲಸವನ್ನು ಹಾಗೆ ಬಿಡತಕ್ಕದ್ದಲ್ಲ.

ಸವದತ್ತಿ ತಾಲೂಕಿನಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಸಮೀಪದ ಉಗರಗೋಳವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಆಟದ ಸಾಧಾರಣ ನಕಾಶೆಯು ಎರಡು ಕಿಲೋಮೀಟರಿನ ಚೌಕ. ಎಂದರೆ ಸುಮಾರು 1,000 ಎಕರೆ. ಅಷ್ಟು ನೆಲದ ಏರುತಗ್ಗುಗಳನ್ನು ಮೊದಲು ತುಂಬಬೇಕು. ಇದಕ್ಕೆ ಉಪಗ್ರಹದ ಅಂಕಿಗಳನ್ನು ಬಳಸುವುದು ರೂಢಿ. ಇಸ್ರೋ ಸಂಸ್ಥೆಯು 2005ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹದಿಂದ ತಯಾರಾದ ಎತ್ತರದ ಅಂಕಿಗಳು 30 ಮೀಟರಿಗೊಂದರಂತೆ ದೊರೆಯುತ್ತವೆ. 30 ಮೀಟರೆಂದರೆ ಮೋಜಣಿಯ 33 ಅಡಿ ಸರಪಳಿಯ ಮೂರು ಅಳತೆ. ಆ ಚೌಕದಲ್ಲಿ ಹೆಚ್ಚುಕಡಿಮೆ ಒಂಬತ್ತು ಗುಂಟೆ ನೆಲವಿದ್ದು, ಅಷ್ಟಕ್ಕೂ ಒಂದೇ ಅಂಕಿ. ಎಕರೆಗೆ ನಾಲ್ಕೈದು ಮಾತ್ರ. ಗುಡ್ಡವೂ ದೊಡ್ಡ ಹಳ್ಳವೂ ಇದರಲ್ಲಿ ಮೂಡುವುವು. ಮೂರು ನಾಲ್ಕು ಅಡಿ ಅಗಲದ ಒಡ್ಡು ಅಳಿಸಿಹೋಗುವುದು.

ಒಡ್ಡಿಲ್ಲದ ಎರೆಹೊಲವು ನಮ್ಮ ಸೀಮೆಯ ಹೊಲವೇ ಅಲ್ಲ. ಮೇಲಿನ ಹೊಲದ ನೀರು ಯಾವ ಮೂಲೆಯಿಂದ ಇಳಿಯುತ್ತದೆ, ಕಲ್ಲು ಕಟ್ಟಿದ ಕೋಡಿ ಎಲ್ಲಿದೆ, ಹಿಂದೆ ಯಾವ ಒಡ್ಡು ಒಡೆದು ಕೆಳಗಿನವನ ಮಣ್ಣು ಹಳ್ಳದ ಪಾಲಾಯಿತು ಎಂಬುದನ್ನು ಯಾವ ಉಪಗ್ರಹವೂ ಹೇಳಲಾರದು. ಊರಿನ ಮೋಜಣಿ ನಕಾಶೆಯಲ್ಲಿ ಸರ್ವೆ ನಂಬರಿನ ಗಡಿ, ಹಳ್ಳ, ಬಂಡಿದಾರಿಗಳಿವೆ. ಸರಕಾರದ ‘ದಿಶಾಂಕ’ವು ಅದೇ ಗಡಿಯನ್ನು ಮೊಬೈಲಿನಲ್ಲಿಯೂ ತೋರಿಸುತ್ತದೆ. ಆದರೆ ಗಡಿ ಬೇರೆ, ಒಡ್ಡು ಬೇರೆ. ಮುಂಬಯಿ ಇಲಾಖೆಯ 1942ರ ಭೂಸುಧಾರಣಾ ಯೋಜನೆಗಳ ಕಾಯಿದೆಯ ಕಾಲದಿಂದ ಇಳಿಜಾರನ್ನನುಸರಿಸಿ ಹಾಕುತ್ತ ಬಂದ ಸಮಪಾತಳಿ ಒಡ್ಡುಗಳು ಮಾಲಕಿಯ ಗಡಿಯನ್ನು ಲೆಕ್ಕಿಸುವುದಿಲ್ಲ. ಇವನ್ನು ತಿಳಿಯಲು ಕಾಲ್ನಡಿಗೆಯೇ ಗತಿ. ಮುಂಗಾರಿಯ ಮೊದಲ ದೊಡ್ಡ ಮಳೆಯ ಮರುದಿನ ನೀರೇ ತನ್ನ ದಾರಿಯನ್ನು ತೋರಿಸುತ್ತದೆ. ಆ ದಿನ ಹಿರಿಯರೊಬ್ಬರು ತರುಣರನ್ನು ಒಡ್ಡಿನ ಮೇಲೆ ನಡೆಸಿಕೊಂಡು ಹೋದರೆ ನಕಾಶೆಯ ಅರ್ಧ ಕೆಲಸ ಮುಗಿದಂತೆ. ಬೆಳಗಾವಿ ಹುಬ್ಬಳ್ಳಿಗಳಲ್ಲಿ ನೆಲೆಸಿದ ಎಷ್ಟೋ ಜಮೀನುದಾರರ ಮಕ್ಕಳಿಗೆ ತಮ್ಮ ಹೊಲದ ಕೋಡಿ ಯಾವ ದಿಕ್ಕಿಗಿದೆಯೆಂದು ಗೊತ್ತಿಲ್ಲ. ಆಟದ ನೆಪದಿಂದಲಾದರೂ ಅವರು ಹೊಲಕ್ಕೆ ಬರುವುದಾದರೆ ಬೇಡವೆನ್ನುವುದೇಕೆ?

ಬೆಳೆಯ ಮಾತು ಅಷ್ಟು ಕಠಿಣವಲ್ಲ. ಹತ್ತಿ, ಜೋಳ ಎರಡೂ ಆಟದಲ್ಲಿ ಈಗಾಗಲೇ ಬಂದಿವೆ. ಬಿತ್ತನೆಯ ತಿಂಗಳುಗಳು ಮಾತ್ರ ಚಳಿದೇಶದವು. ನಕಾಶೆ ಮಾಡುವವನು ಅವನ್ನು ಬದಲಿಸಬಹುದು. ಹಿಂಗಾರಿ ಜೋಳವನ್ನು ಸಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತಿ, ನೆಲದ ಹಸಿಯ ಮೇಲೆ ಬೆಳೆಸಿ, ಫೆಬ್ರವರಿ ಮಾರ್ಚಿನಲ್ಲಿ ಕೊಯ್ಯುವಂತೆ ಇಡತಕ್ಕದ್ದು. ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಬರುವ ಚಕ್ಕಡಿಗಳ ದಾರಿಯನ್ನು ಮರೆಯಲಾಗದು. ಕೊಯ್ಲಿನ ಹೊತ್ತಿಗೆ ಆ ದಾರಿಯ ಅಂಚಿನ ಹೊಲದವರ ಚಿಂತೆಯೇ ಬೇರೆ. ಆಟದ ದೈತ್ಯ ಕೊಯ್ಲುಯಂತ್ರವು ನಮ್ಮ ಬಂಡಿದಾರಿಯಲ್ಲಿ ಹಿಡಿಸದು, ಎರಡೆಕರೆಯ ಹೊಲದಲ್ಲಿ ಹೊರಳದು. ಹಿಡಿಸಲೆಂದು ದಾರಿಯನ್ನು ಅಗಲಮಾಡಿ, ನಾಲ್ಕು ಹೊಲ ಕೂಡಿಸಿ ಒಂದು ಮಾಡಿದರೆ ನಕಾಶೆಯು ಸುಳ್ಳಾಗುತ್ತದೆ.

ಎರಡು ಎಚ್ಚರಿಕೆಗಳು ಅವಶ್ಯ. ಹಳೆಯ ನಕಾಶೆಯನ್ನೇ ನಂಬಿದವನು ಮಲಪ್ರಭೆಯ ದಂಡೆಯ ಊರುಗಳಲ್ಲಿ ಮೋಸಹೋಗುವನು. 1970ರ ದಶಕದಲ್ಲಿ ನವಿಲುತೀರ್ಥದ ಆಣೆಕಟ್ಟು ಮುಗಿದ ಬಳಿಕ ಅಲ್ಲಿ ಕೆಲವು ಹೊಲಗಳಿದ್ದ ಕಡೆ ನೀರಿದೆ. ಇನ್ನು, ಆಟದ ನಕಾಶೆಯು ಹದ್ದುಬಸ್ತಿಗೆ ಆಧಾರವಲ್ಲ. ಅದರಲ್ಲಿ ಒಡ್ಡು ಒಂದು ಮಾರು ಆಚೆ ಬಿದ್ದಿತೆಂದು ನೆರೆಯವರೊಡನೆ ತಂಟೆ ತೆಗೆಯಲಾಗದು. ಹೊಲದ ಮಾಲೀಕರ ಹೆಸರನ್ನು ಅದರಲ್ಲಿ ಬರೆಯದಿರುವುದೇ ಲೇಸು. ಊರವರು ಹೊಲಕ್ಕೆ ಕರೆಯುವ ಹೆಸರು ಮಾತ್ರ ಇರಲಿ. ಪಹಣಿಯಲ್ಲಿ ಅದಕ್ಕೆ ಸ್ಥಳವಿಲ್ಲ, ಹೇಳಬಲ್ಲವರೂ ಊರಿನಲ್ಲಿ ನಾಲ್ಕಾರು ಮಂದಿ ಉಳಿದಿರಬಹುದು.